ಮನೆ ನೋಡುವ ಮೊದಲು ಅಂಗಡಿ ಬೀದಿ ನೋಡಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಏನೇನು ಕೇಳುತ್ತಾರೆ ಅಂತ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಕಾವೇರಿ ನೀರು ಬರುತ್ತದಾ, ಗಾಡಿ ನಿಲ್ಲಿಸಲು ಜಾಗ ಇದೆಯಾ, ಬಾಗಿಲು ಯಾವ ದಿಕ್ಕಿಗೆ, ಮೆಟ್ರೋ ಎಷ್ಟು ದೂರ. ಎಲ್ಲಾ ಕೇಳಬೇಕಾದ್ದೇ. ಆದರೆ ಉಪ್ಪಿಟ್ಟಿಗೆ ಎಣ್ಣೆ ಕಾಯಲು ಇಟ್ಟ ಮೇಲೆ ಕರಿಬೇವು ಇಲ್ಲ ಅಂತ ಗೊತ್ತಾದರೆ ಎಲ್ಲಿಗೆ ಓಡಬೇಕು ಅಂತ ಯಾರೂ ಕೇಳುವುದಿಲ್ಲ. ಬ್ರೋಕರನ್ನು ಕೇಳಿದರೆ ‘ಎಲ್ಲಾ ಹತ್ತಿರಾನೇ ಇದೆ ಮೇಡಂ’ ಅನ್ನುತ್ತಾನೆ. ದಿನವಿಡೀ ಬೈಕ್ ಮೇಲೆ ಇರುವವನಿಗೆ ಯಾವುದು ತಾನೇ ದೂರ?

ತಿಂಗಳ ಸಾಮಾನು ಮತ್ತು ದಿನದ ಸಾಮಾನು ಎರಡನ್ನೂ ಮೊದಲು ಬೇರೆ ಬೇರೆ ಇಟ್ಟು ಯೋಚಿಸಿ. ಅಕ್ಕಿ, ಬೇಳೆ, ಎಣ್ಣೆ, ಸೋಪು ಎಷ್ಟು ದೂರದಿಂದ ಬಂದರೂ ನಡೆಯುತ್ತದೆ. ಅಕ್ಕಿ ಮೂಟೆಯನ್ನು ಯಾರೂ ಹೊತ್ತು ತರುವುದಿಲ್ಲ, ಫೋನ್ ಮಾಡಿದರೆ ಅಂಗಡಿಯ ಹುಡುಗ ಮನೆಗೇ ತಂದು ಹಾಕುತ್ತಾನೆ. ಹಾಗಾಗಿ ಎದುರಿಗೇ ದೊಡ್ಡ ಸೂಪರ್ ಮಾರ್ಕೆಟ್ ಇದೆ ಅಂತ ಬಾಡಿಗೆ ಜಾಸ್ತಿ ಕೊಡುವ ಅಗತ್ಯ ಇಲ್ಲ. ಹಾಲು, ಮೊಸರು, ಸೊಪ್ಪು, ತರಕಾರಿ, ತೆಂಗಿನಕಾಯಿ, ದೇವರಿಗೆ ಒಂದು ಮೊಳ ಹೂವು, ಇವು ಮಾತ್ರ ಕಾಲ್ನಡಿಗೆಯಲ್ಲೇ ಸಿಗಬೇಕು. ನಂದಿನಿ ಬೂತ್ ಒಂದು, ಸೊಪ್ಪು ತರಕಾರಿಯ ಅಂಗಡಿ ಎರಡು, ಒಂದು ದಿನಸಿ ಅಂಗಡಿ, ಒಂದು ಮೆಡಿಕಲ್ ಶಾಪ್ ಇದ್ದರೆ ಸಂಸಾರ ನಡೆಯುತ್ತದೆ. ತರಕಾರಿ ಅಂಗಡಿ ಎರಡಿರಲಿ ಅಂದಿದ್ದು ಸುಮ್ನೆ ಅಲ್ಲ. ಒಂದೇ ಇದ್ದರೆ ಅವನು ಹೇಳಿದ್ದೇ ರೇಟು.

ಹತ್ತಿರ ಅಂದರೆ ಎಷ್ಟು ಹತ್ತಿರ ಅಂತ ಫೋನಿನ ಮ್ಯಾಪ್ ನೋಡಿ ತೀರ್ಮಾನ ಮಾಡಬೇಡಿ. ಔಟರ್ ರಿಂಗ್ ರೋಡಿನ ಆಚೆ ಇರುವ ಅಂಗಡಿ ಕಣ್ಣಿಗೆ ಕಾಣುತ್ತಿರುತ್ತದೆ, ಅದರ ಬೋರ್ಡನ್ನು ಬಾಲ್ಕನಿಯಿಂದ ಓದಬಹುದು. ಆದರೆ ಮಧ್ಯೆ ಡಿವೈಡರ್, ಅದರ ಮೇಲೆ ಕಂಬಿ. ದಾಟಬೇಕಾದರೆ ಸ್ಕೈವಾಕ್ ಹತ್ತಿ ಇಳಿಯಬೇಕು. ಮಂಡಿನೋವು ಇರುವವರಿಗೆ ಆ ಅಂಗಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮನೆ ಇಷ್ಟವಾದರೆ ಅವತ್ತೇ ಅಲ್ಲಿಂದ ತರಕಾರಿ ಅಂಗಡಿಗೆ ನಡೆದು ಹೋಗಿ. ಎರಡು ಕೆಜಿ ಈರುಳ್ಳಿ, ಒಂದು ತೆಂಗಿನಕಾಯಿ ಕೊಂಡು ಕೈಚೀಲದಲ್ಲಿ ಹಿಡಿದು ವಾಪಸ್ ಬನ್ನಿ. ಫುಟ್‌ಪಾತ್ ಕಲ್ಲು ಎದ್ದಿದೆಯಾ, ನಾಯಿ ಕಾಟ ಇದೆಯಾ, ಏರು ಎಷ್ಟಿದೆ, ಎಲ್ಲಾ ಆಗ ತಿಳಿಯುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯಾದರೆ ಮೆಟ್ಟಿಲನ್ನೂ ಹತ್ತಿ. ಸಾಧ್ಯವಾದರೆ ಸಂಜೆ ಏಳರ ಮೇಲೆ ಇನ್ನೊಂದು ಸಲ ಹೋಗಿ. ಬೀದಿದೀಪ ಉರಿಯುತ್ತದೋ ಇಲ್ಲವೋ ಅಂತ ಹಗಲು ಹೋದವರಿಗೆ ಗೊತ್ತಾಗುವುದಿಲ್ಲ.

ಅಂಗಡಿ ಇದ್ದರೆ ಸಾಕು ಅಂತಲೂ ಅಲ್ಲ, ಮಾಲು ಹೇಗಿದೆ ನೋಡಬೇಕು. ಇದಕ್ಕೆ ಸೊಪ್ಪಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಹೆಚ್ಚಿನ ಅಂಗಡಿಯವರು ಬೆಳಗಿನ ಜಾವವೇ ಕಲಾಸಿಪಾಳ್ಯಕ್ಕೋ ಕೆ.ಆರ್. ಮಾರುಕಟ್ಟೆಗೋ ಹೋಗಿ ಮಾಲು ತರುತ್ತಾರೆ. ದಂಟಿನ ಸೊಪ್ಪೋ ಮೆಂತ್ಯವೋ ಒಂದು ಕಟ್ಟು ಕೈಗೆ ತೆಗೆದುಕೊಳ್ಳಿ. ಮೇಲಿನ ಎಲೆ ನೋಡಬೇಡಿ, ಅದಕ್ಕೆ ನೀರು ಚಿಮುಕಿಸಿ ಚಂದ ಕಾಣುವ ಹಾಗೆ ಮಾಡಿರುತ್ತಾರೆ. ದಾರ ಕಟ್ಟಿದ ಜಾಗದಲ್ಲಿ ಬೆರಳು ತೂರಿಸಿ. ಒಳಗೆ ಬೆಚ್ಚಗೆ, ಲೋಳೆ ಲೋಳೆ ಇದ್ದರೆ ಅದು ಹಳೇ ಮಾಲು. ತಂಪಾಗಿದ್ದು, ಬುಡದಲ್ಲಿ ಹಸಿ ಮಣ್ಣು ಅಂಟಿದ್ದರೆ ಅಂಗಡಿಯಲ್ಲಿ ವ್ಯಾಪಾರ ಚೆನ್ನಾಗಿದೆ, ಮಾಲು ನಿಲ್ಲುವುದಿಲ್ಲ ಅಂತ ಅರ್ಥ. ಹುರುಳಿಕಾಯಿ ಮುರಿದರೆ ಪಟ್ ಅನ್ನಬೇಕು. ದಿನಸಿ ಅಂಗಡಿಯಲ್ಲಿ ಸಕ್ಕರೆ, ಉಪ್ಪು ನೋಡಬೇಡಿ, ಅವು ಎಲ್ಲಾ ಕಡೆ ಚೆನ್ನಾಗಿಯೇ ಇರುತ್ತವೆ. ನಿಧಾನಕ್ಕೆ ಖರ್ಚಾಗುವ ಶಾವಿಗೆ, ಚಿರೋಟಿ ರವೆ, ಕಡಲೆಹಿಟ್ಟಿನ ಪ್ಯಾಕೆಟ್ ತಿರುಗಿಸಿ ತಾರೀಖು ನೋಡಿ. ಹತ್ತಿರದಲ್ಲಿ ಹಾಪ್‌ಕಾಮ್ಸ್ ಮಳಿಗೆ ಇದ್ದರೆ ಅದೃಷ್ಟ. 1959ರಿಂದ ಇರುವ ಬೆಳೆಗಾರರ ಸಹಕಾರ ಸಂಘ ಅದು. ಅಲ್ಲೇ ಕೊಳ್ಳದಿದ್ದರೂ ಪರವಾಗಿಲ್ಲ, ಅಲ್ಲಿನ ರೇಟು ನೋಡಿಕೊಂಡು ಮುಂದೆ ಹೋದರೆ ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡಲು ಧೈರ್ಯ ಬರುತ್ತದೆ.

ಈಗಿನವರು ಮರೆತೇ ಹೋಗಿರುವುದು ಹಿಟ್ಟಿನ ಗಿರಣಿ. ಮನೆಯಲ್ಲೇ ಹುಳಿಪುಡಿ, ಸಾರಿನಪುಡಿ ಮಾಡುವವರು, ರಾಗಿ ತೊಳೆದು ಒಣಗಿಸಿ ಬೀಸಿಸುವವರು ಗಿರಣಿ ಎಲ್ಲಿದೆ ಅಂತ ಕೇಳದೆ ಮನೆ ಒಪ್ಪಿಕೊಳ್ಳಬೇಡಿ. ಹೊಸ ಬಡಾವಣೆಗಳಲ್ಲಿ ಕಾಫಿ ಶಾಪ್ ನಾಲ್ಕಿರುತ್ತವೆ, ಗಿರಣಿ ಒಂದೂ ಇರುವುದಿಲ್ಲ. ಇದ್ದರೂ ಖಾರಕ್ಕೆ ಬೇರೆ ಮಿಷನ್ ಇದೆಯಾ ಕೇಳಿ. ಇಲ್ಲದಿದ್ದರೆ ಯಾರದೋ ಮೆಣಸಿನಕಾಯಿ ಆದಮೇಲೆ ನಿಮ್ಮ ಚಕ್ಕುಲಿ ಅಕ್ಕಿ ಬೀಸಿ, ಹಿಟ್ಟು ಕೆಂಪಗೆ ಬರುತ್ತದೆ. ಒಳ್ಳೆಯ ಗಿರಣಿಯವನಾದರೆ ಮೊದಲು ಒಂದು ಹಿಡಿ ಅಕ್ಕಿ ಹಾಕಿ ಮಿಷನ್ ತೊಳೆದು, ಆ ಹಿಟ್ಟನ್ನು ಬೇರೆ ತೆಗೆದಿಟ್ಟು ಆಮೇಲೆ ಉಳಿದದ್ದನ್ನು ಹಾಕುತ್ತಾನೆ. ಅಂಥವನು ಸಿಕ್ಕರೆ ಎರಡು ಬೀದಿ ಜಾಸ್ತಿ ನಡೆದರೂ ತೊಂದರೆ ಇಲ್ಲ.

‘ಆಂಟಿ, ಹತ್ತು ನಿಮಿಷಕ್ಕೆ ಮನೆಗೇ ಬರುತ್ತದೆ, ಅಂಗಡಿ ಯಾಕೆ ಬೇಕು?’ ಅನ್ನುವ ಹುಡುಗರಿದ್ದಾರೆ. ನಾನೂ ತರಿಸುತ್ತೇನೆ, ಬೇಡ ಅನ್ನುವುದಿಲ್ಲ. ಆದರೆ ಬ್ಲಿಂಕಿಟ್, ಜೆಪ್ಟೋ ಇಂಥವು ಎಲ್ಲಾ ಕಡೆಗೂ ಬರುವುದಿಲ್ಲ, ಅವರ ಗೋಡೌನ್ ಹತ್ತಿರ ಇದ್ದರೆ ಮಾತ್ರ. ಅಡ್ವಾನ್ಸ್ ಕೊಡುವ ಮೊದಲು ಆ ಮನೆ ಮುಂದೆಯೇ ನಿಂತು ಆ್ಯಪ್ ತೆಗೆದು ವಿಳಾಸ ಹಾಕಿ ನೋಡಿ. ಊರ ಹೊರಗಿನ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಇದನ್ನು ಮರೆಯಲೇಬೇಡಿ. ಅಲ್ಲಿ ಗೇಟಿನ ಒಳಗಿನ ಅಂಗಡಿ ಬಿಟ್ಟರೆ ಗತಿ ಇರುವುದಿಲ್ಲ, ಚೌಕಾಸಿಯ ಮಾತಂತೂ ಇಲ್ಲವೇ ಇಲ್ಲ. ಇನ್ನು ಜೋರು ಮಳೆ ಬಂದ ಸಂಜೆ ಆ್ಯಪಿನ ಹತ್ತು ನಿಮಿಷ ಎಷ್ಟಾಗುತ್ತದೆ ಅಂತ ನಿಮಗೇ ಗೊತ್ತು. ತೆಂಗಿನಕಾಯಿ ಅಲ್ಲಾಡಿಸಿ ನೋಡಿ ಕೊಡುವವರೂ ಅಲ್ಲಿಲ್ಲ.

ಬಾಡಿಗೆ ಒಂದೈನೂರು ಕಡಿಮೆ ಅಂತ ಅಂಗಡಿ ಇಲ್ಲದ ಕಡೆ ಹೋಗುವವರು ಈ ಲೆಕ್ಕ ಹಾಕಿ. 2025ರ ಆಗಸ್ಟ್‌ನಿಂದ ಆಟೋಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ಹೋಗಿ ಬರಲು 72. ವಾರಕ್ಕೆ ಎರಡು ಸಲ ಅಂದರೆ ತಿಂಗಳಿಗೆ ಹತ್ತಿರಹತ್ತಿರ 600. ಅದೂ ಮೀಟರ್ ಹಾಕಿದರೆ! ಬಸ್ ಸ್ಟಾಪ್ ಹತ್ತಿರ ಇದ್ದರೆ ಈ ಮಾತು ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥ ಹೆಂಗಸರು ಹಬ್ಬದ ಹೂವು ಹಣ್ಣಿಗೆ ಮಾರ್ಕೆಟ್ಟಿಗೆ ಪುಕ್ಕಟೆ ಹೋಗಿಬರುತ್ತೇವೆ. ದಿನದ ಸೊಪ್ಪಿಗೆ ಅದು ಆಗುವ ಮಾತಲ್ಲ, ವರಮಹಾಲಕ್ಷ್ಮಿ ಹಬ್ಬಕ್ಕೆ ಧಾರಾಳವಾಗಿ ಆಗುತ್ತದೆ.

ತೀರಾ ಹತ್ತಿರವೂ ಒಳ್ಳೆಯದಲ್ಲ. ತರಕಾರಿ ಅಂಗಡಿಯ ಮೇಲಿನ ಮನೆ ಬೇಡ. ಜಿರಳೆ, ಇಲಿ, ಕೊಳೆತ ಕೋಸಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತವೆ. ಬೆಳಗಿನ ಜಾವ ಟೆಂಪೋದಿಂದ ಕ್ರೇಟು ಇಳಿಸುವ ಸದ್ದು ಬೇರೆ. ಗಾಂಧಿ ಬಜಾರ್, ಮಲ್ಲೇಶ್ವರದ 8ನೇ ಕ್ರಾಸ್ ಇಂಥ ಕಡೆ ಹಬ್ಬದ ಹಿಂದಿನ ದಿನ ಸ್ವಂತ ಮನೆಗೆ ಗಾಡಿ ತರಲು ಒದ್ದಾಡಬೇಕು. ಅಂಗಡಿ ಬೀದಿಯಿಂದ ಎರಡು ಮೂರು ರಸ್ತೆ ಒಳಗೆ ಸಿಕ್ಕರೆ ಅದನ್ನೇ ಹಿಡಿಯಿರಿ.

ಊರಿನಿಂದ ಅಪ್ಪ ಅಮ್ಮ ಬಂದು ಇರುವವರಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಕ್ಕಳು ಆಫೀಸಿಗೆ ಹೋದ ಮೇಲೆ ಅವರಿಗೆ ಉಳಿಯುವುದು ಹಾಲಿನ ಬೂತ್, ತರಕಾರಿ ಅಂಗಡಿ, ಅಲ್ಲಿ ಸಿಗುವ ನಾಲ್ಕು ಜನ. ಅಂಗಡಿಯವರು ಕನ್ನಡದಲ್ಲಿ ಎರಡು ಮಾತಾಡುತ್ತಾರಾ, ಕೂರಲು ಒಂದು ಸ್ಟೂಲ್ ಕೊಡುತ್ತಾರಾ, ಚಿಲ್ಲರೆ ಇಲ್ಲದಿದ್ದರೆ ‘ನಾಳೆ ಕೊಡಿ ಅಜ್ಜಿ’ ಅನ್ನುತ್ತಾರಾ ಅಂತ ಅವರೇ ನೋಡಿಕೊಳ್ಳಲಿ.

ಮನೆ ಗೊತ್ತಾದ ಮೇಲೆ ಸಾಮಾನು ಸಾಗಿಸುವ ಮೊದಲೇ ಪಕ್ಕದ ಮನೆಯಾಕೆಯ ಹತ್ತಿರ ಮೂರು ನಂಬರ್ ಬರೆದುಕೊಳ್ಳಿ: ಕುಡಿಯುವ ನೀರಿನ ಕ್ಯಾನ್ ಹಾಕುವವನದು, ದಿನಸಿ ಅಂಗಡಿಯದು, ಬೆಳಿಗ್ಗೆ ಹಾಲು ಹಾಕುವ ಹುಡುಗನದು. ಹಾಲಿನವನಿಗೆ ಒಂದು ದಿನ ಮುಂಚೆ ಹೇಳಿಬಿಡಿ. ಹೊಸ ಮನೆಯಲ್ಲಿ ಮೊದಲು ಉಕ್ಕಿಸಬೇಕಾದ್ದು ಹಾಲೇ ಅಲ್ವಾ.