ಬಂದೂಕು ಬಿಟ್ಟು ರೈಲು ಹಿಡಿದೆ

ಸೋತ ಜರ್ಮನಿಯ ಜನ ಗೆದ್ದವರ ವಿರುದ್ಧ ತಿರುಗಿಬಿದ್ದಿದ್ದರೆ? ಮೂರು ವರ್ಷದ ಹಿಂದೆ ಈ ಒಂದು ಪ್ರಶ್ನೆ ಇಟ್ಟುಕೊಂಡು ಕಾದಂಬರಿ ಶುರು ಮಾಡಿದೆ. ಮೊದಲು ಆರಿಸಿಕೊಂಡದ್ದು 1945ನೇ ಇಸವಿ. ಎಲ್ಲರೂ ಅಲ್ಲಿಗೇ ಹೋಗುತ್ತಾರೆ, ಅಲ್ವಾ?

ಹಿಟ್ಲರನ ಬಲಗೈಯಂತಿದ್ದ ನಾಜಿ ನಾಯಕ ಹಿಮ್ಲರ್ 1944ರಲ್ಲಿ ಕಟ್ಟಿಸಿದ ‘ವೇರ್‌ವೋಲ್ಫ್’ ಎಂಬ ಗುಪ್ತ ಪಡೆಯೇ ನನ್ನ ಮಾದರಿ. ಓದುತ್ತಾ ಹೋದ ಹಾಗೆ ಉತ್ಸಾಹ ಇಳಿಯಿತು. ಆಖೆನ್ ಊರಿಗೆ ಅಮೆರಿಕನ್ನರು ನೇಮಿಸಿದ್ದ ಮೇಯರ್ ಫ್ರಾಂಟ್ಸ್ ಓಪನ್‌ಹಾಫ್ ಅವರನ್ನು 1945ರ ಮಾರ್ಚ್ 25ರಂದು ಕೊಂದರು. ಕೊಂದವರು ಪ್ಯಾರಾಚೂಟಿನಲ್ಲಿ ಇಳಿದು ಬಂದವರು. ಊರಿನವರು ಕರೆದು ಬಂದವರಲ್ಲ. ಜನಕ್ಕೆ ಯುದ್ಧವೇ ಸಾಕಾಗಿತ್ತು. ಇಂಥವರಿಗೆ ರಾತ್ರಿ ಬಾಗಿಲು ತೆಗೆದು ಊಟ ಹಾಕುವವರು ಯಾರು? ನಾಜಿಗಳನ್ನು ನಾಯಕರಾಗಿ ಮಾಡಲು ನನಗೂ ಮನಸ್ಸಿರಲಿಲ್ಲ. ಬರೆದಿದ್ದ ಎಂಬತ್ತು ಪುಟ ರದ್ದಿಗೆ ಹೋಯಿತು.

ಆಮೇಲೆ ಸಿಕ್ಕಿದ್ದು 1923ರ ರೂರ್ ಕಣಿವೆ, ಜರ್ಮನಿಯ ಕಲ್ಲಿದ್ದಲು ಗಣಿಗಳ ಸೀಮೆ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ಪರಿಹಾರವಾಗಿ ಕೊಡಬೇಕಿದ್ದ ಕಲ್ಲಿದ್ದಲು, ಮರ ಸರಿಯಾಗಿ ಬರುತ್ತಿಲ್ಲ ಅಂತ ಫ್ರಾನ್ಸ್ ಮತ್ತು ಬೆಲ್ಜಿಯಂ ಜನವರಿ 11ರಂದು ಅಲ್ಲಿಗೆ ಸೈನ್ಯ ನುಗ್ಗಿಸಿದವು. ಜನ ಬಂದೂಕು ಎತ್ತಲಿಲ್ಲ, ಕೆಲಸ ಬಿಟ್ಟರು. ಗಣಿಯವರು ಫ್ರೆಂಚರಿಗೆ ಕಲ್ಲಿದ್ದಲು ಕೊಡಲಿಲ್ಲ. ರೈಲ್ವೆಯವರು ಗಾಡಿ ಓಡಿಸಲಿಲ್ಲ. ಫ್ರೆಂಚರು ತಾವೇ ರೈಲು ನಡೆಸಬೇಕಾಯಿತು. ಮಾತು ಕೇಳದ ನೌಕರರನ್ನೂ ಅವರ ಹೆಂಡತಿ ಮಕ್ಕಳನ್ನೂ ಊರು ಬಿಡಿಸಿದರು. ಮಾರ್ಚ್ 31ರಂದು ಎಸ್ಸೆನ್‌ನ ಕ್ರುಪ್ ಕಾರ್ಖಾನೆಯಲ್ಲಿ ಸೈನಿಕರ ಗುಂಡಿಗೆ 13 ಕಾರ್ಮಿಕರು ಸತ್ತರು.

ನನ್ನ ಕಥೆಯಲ್ಲಿ ಫ್ರೆಂಚರು 1925ರಲ್ಲಿ ವಾಪಸ್ ಹೋಗುವುದಿಲ್ಲ. ಬದಲಿಸಿದ್ದು ಅಷ್ಟೇ. ಮುಖ್ಯ ಪಾತ್ರ ಒಬ್ಬ ಸಿಗ್ನಲ್‌ಮನ್. ಕೆಲಸ ಬಿಡುವ ರಾತ್ರಿ ಕ್ಯಾಬಿನ್ನಿನ ಲಿವರುಗಳ ಮೇಲಿನ ನಂಬರುಗಳನ್ನು ಚಾಕುವಿನಿಂದ ಕೆರೆದು ಹಾಕುತ್ತಾನೆ. ಯಾವ ಲಿವರ್ ಯಾವ ಹಳಿಯದು ಅನ್ನುವುದು ಅವನ ತಲೆಯಲ್ಲಿ ಮಾತ್ರ ಉಳಿಯುತ್ತದೆ. ಈ ದೃಶ್ಯ ನನ್ನ ಕಲ್ಪನೆ. ಆದರೂ ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ಬಾಂಬಿನವರೂ ಇದ್ದರು ಅನ್ನಿ. ರೈಲು ಹಳಿ ಸ್ಫೋಟಿಸಿದ ಆಲ್ಬರ್ಟ್ ಲಿಯೋ ಶ್ಲಾಗೆಟರ್‌ನನ್ನು ಫ್ರೆಂಚರು ಮೇ 26ರಂದು ಗುಂಡಿಟ್ಟು ಕೊಂದರು. ನಾಜಿಗಳು ಅವನನ್ನು ಹುತಾತ್ಮ ಮಾಡಿ ಮೆರೆಸಿದರು. ನನ್ನ ಕಥೆಯಲ್ಲಿ ಅಂಥವನೊಬ್ಬ ಬರುತ್ತಾನೆ, ಆದರೆ ಸಿಗ್ನಲ್‌ಮನ್ ಮನೆಗೆ ತಲೆನೋವಾಗಿ. ಇನ್ನೊಂದು ಎಳೆ ಶ್ಪೈಯರ್ ಊರಿನದು. ಫ್ರೆಂಚರ ಆಸರೆಯಲ್ಲಿದ್ದ ಪ್ರತ್ಯೇಕತಾವಾದಿ ಫ್ರಾಂಟ್ಸ್ ಯೋಸೆಫ್ ಹೈಂಟ್ಸ್‌ನನ್ನು 1924ರ ಜನವರಿ 9ರಂದು ಹೋಟೆಲಿನಲ್ಲಿ ಊಟದ ಹೊತ್ತಿಗೆ ಕೊಂದರು. ಅದನ್ನು ಹೆಚ್ಚುಕಮ್ಮಿ ಹಾಗೇ ತೆಗೆದುಕೊಂಡೆ. ಹೋಟೆಲಿನ ಮಾಣಿಯ ಕಣ್ಣಿನಿಂದ ಬರೆದೆ.

ಕಷ್ಟವಾದದ್ದು ದುಡ್ಡಿನ ಲೆಕ್ಕ. ಮುಷ್ಕರದವರಿಗೆ ಸಂಬಳ ಕೊಡಲು ಬರ್ಲಿನ್ ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು. ಸೆಪ್ಟೆಂಬರಿನಲ್ಲಿ ಸುಸ್ತಾಗಿ ಮುಷ್ಕರ ಕೈಬಿಟ್ಟಿತು. ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಹಾಗಾದರೆ ನನ್ನ ಬಂಡಾಯ 1925ರ ತನಕ ಯಾರ ದುಡ್ಡಿನಲ್ಲಿ ನಡೆಯಬೇಕು? ಆರು ತಿಂಗಳು ಸುಮ್ನೆ ಕೂತೆ. ಕೊನೆಗೆ ಸಿಗ್ನಲ್‌ಮನ್‌ನ ಹೆಂಡತಿಯ ಕೈಗೆ ಒಂದು ಚೀಲ ಕೊಟ್ಟೆ. ನಿಂತ ವ್ಯಾಗನ್ನಿನಿಂದ ಕಲ್ಲಿದ್ದಲು ಕದ್ದು, ಹಳ್ಳಿಗೆ ಒಯ್ದು, ಆಲೂಗಡ್ಡೆ ತರುತ್ತಾಳೆ. ಎರಡನೇ ಭಾಗ ಪೂರ್ತಿ ಈಗ ಅವಳದೇ.