ಮುಂದಿನ ತಾರೀಕು ತಪ್ಪಬಾರದು: ಮಗುವಿನ ಕ್ಯಾನ್ಸರ್ ಕಂಡ ಮನೆಯವರು ಸಂಸ್ಥೆ ಕಟ್ಟುವಾಗ

ಮಗುವಿನ ಕ್ಯಾನ್ಸರ್ ಕಂಡುಂಡ ಮನೆಯವರು ಸಂಸ್ಥೆ ಮಾಡಲು ಹೊರಟರೆ ಮೊದಲು ನೆನಪಾಗುವುದು ವಾರ್ಡು: ಅಲ್ಲಿಗೆ ಆಟಿಕೆ, ಬಣ್ಣದ ಗೋಡೆ, ಹುಟ್ಟುಹಬ್ಬದ ಕೇಕು. ನಾವು ಆರಿಸಿಕೊಂಡದ್ದು ವಾರ್ಡಿನ ಹೊರಗಿನ ಕೆಲಸ. ಚಿಕಿತ್ಸೆಯಲ್ಲಿರುವ ಮಗು ಮುಂದಿನ ತಾರೀಕಿಗೆ ಆಸ್ಪತ್ರೆಗೆ ಬರುವಂತೆ ನೋಡಿಕೊಳ್ಳುವುದು, ಅಷ್ಟೇ.

ಇದಕ್ಕೆ ಕಾರಣ ಚಿಕಿತ್ಸೆಯ ಸ್ವರೂಪದಲ್ಲೇ ಇದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ರಕ್ತದ ಕ್ಯಾನ್ಸರ್ ಎಎಲ್‌ಎಲ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ). ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳು ಕಠಿಣ, ಆಮೇಲೆ ಕೆಲವು ತಿಂಗಳು ಹೋಗಿ ಬರುವುದು, ಕೊನೆಗೆ ಮನೆಯಲ್ಲೇ ದಿನವೂ ಮಾತ್ರೆ ನುಂಗುತ್ತ ಆಗಾಗ ರಕ್ತಪರೀಕ್ಷೆಗೆ ಬರುವ ಉದ್ದನೆಯ ಹಂತ. ಮೊದಲ ತಿಂಗಳು ನೆಂಟರೂ ಇರುತ್ತಾರೆ, ದಾನಿಗಳೂ ಇರುತ್ತಾರೆ. ಕೊನೆಯ ಹಂತದಲ್ಲಿ ಯಾರೂ ಇರುವುದಿಲ್ಲ. ಮಗು ಆಡಿಕೊಂಡಿದೆಯಲ್ಲ ಎಂದು ಮನೆಯವರಿಗೂ ಅನಿಸಿ, ಕೈಯೂ ಖಾಲಿಯಾಗಿ, ಒಂದು ತಾರೀಕು ತಪ್ಪುತ್ತದೆ. ಸತತ ನಾಲ್ಕು ವಾರ ತಪ್ಪಿದರೆ ವೈದ್ಯರು ಅದನ್ನು ಚಿಕಿತ್ಸೆ ಕೈಬಿಟ್ಟಂತೆ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ. ಈ ಅಂತರಕ್ಕಿರುವ ಕಾರಣಗಳಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದೂ ಒಂದು.

ಸ್ವಂತ ಕಷ್ಟ ದಾರಿ ತೋರಿಸುತ್ತದೆ ನಿಜ, ಆದರೆ ಅದು ಒಂದೇ ಮನೆಯ ಕಷ್ಟ. ನಮಗೆ ಆಗ ಏನಿರಲಿಲ್ಲ ಎಂಬ ಪಟ್ಟಿ ಬರೆದು ಪಕ್ಕಕ್ಕಿಟ್ಟು, ಕನಿಷ್ಠ 15–20 ಕುಟುಂಬಗಳನ್ನು ಮಾತನಾಡಿಸಬೇಕು. ಚಿಕಿತ್ಸೆ ಬಿಟ್ಟವರೂ ಅವರಲ್ಲಿರಬೇಕು. ‘ಏನು ಸಹಾಯ ಬೇಕು’ ಎಂದು ಕೇಳಿದರೆ ‘ಏನಾದರೂ ಮಾಡಿ’ ಎನ್ನುತ್ತಾರೆ. ‘ಹೋದ ಸಲ ತಾರೀಕು ತಪ್ಪಿದಾಗ ಹಿಂದಿನ ದಿನ ಏನಾಗಿತ್ತು’ ಎಂದು ಕೇಳಿದರೆ ನಿಜವಾದ ಕಾರಣ ಹೊರಬೀಳುತ್ತದೆ: ಔಷಧ ಉಚಿತ, ಪ್ರಯಾಣದ ಖರ್ಚು ಉಚಿತವಲ್ಲ, ಮನೆಯ ಇನ್ನೊಂದು ಚಿಕ್ಕ ಮಗುವನ್ನು ನೋಡಿಕೊಳ್ಳಲು ಜನವಿಲ್ಲ, ಇನ್ನೊಂದು ರಜೆ ಹಾಕಿದರೆ ಅಪ್ಪನ ಕೆಲಸ ಹೋಗುತ್ತದೆ. ನರ್ಸುಗಳಿಗೆ ಇದು ವೈದ್ಯರಿಗಿಂತ ಚೆನ್ನಾಗಿ ಗೊತ್ತು. ರೋಗ ಗೊತ್ತಾದ ಮೊದಲ ವಾರಗಳಲ್ಲಿ ಮಾತ್ರ ಯಾವ ಅಪ್ಪ ಅಮ್ಮನಿಗೂ ಪ್ರಶ್ನೆ ಕೇಳಬೇಡಿ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1974ರಲ್ಲಿ ತೆರೆದ ಮೊದಲ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಇಂಥ ಒಂದೇ ಕೊರತೆಯಿಂದ ಹುಟ್ಟಿತು. ಅಮೆರಿಕನ್ ಫುಟ್‌ಬಾಲ್ ಆಟಗಾರ ಫ್ರೆಡ್ ಹಿಲ್ ಅವರ ಮಗಳು ಕಿಮ್‌ಗೆ ರಕ್ತದ ಕ್ಯಾನ್ಸರ್ ಇತ್ತು. ಮಕ್ಕಳ ಕ್ಯಾನ್ಸರ್ ವೈದ್ಯೆ ಆಡ್ರಿ ಇವಾನ್ಸ್‌ಗೆ ಬೇಕಾಗಿದ್ದದ್ದು ಆಸ್ಪತ್ರೆಯ ಹತ್ತಿರ ಮನೆಯವರು ಮಲಗಲು ಒಂದು ಮನೆ. ವ್ಯಾಪ್ತಿ ಸಣ್ಣದಿತ್ತು, ಆದ್ದರಿಂದಲೇ ಆ ಕೆಲಸವನ್ನು ಬೇರೆ ಊರುಗಳಲ್ಲೂ ಹಾಗೆಯೇ ಮಾಡಲು ಆಯಿತು.

ನೋಂದಣಿಗೆ ಅವಸರ ಬೇಡ. ಆರು ತಿಂಗಳು ಈಗಾಗಲೇ ನೋಂದಾಯಿತ ಸಂಸ್ಥೆಯೊಂದರ ಆಶ್ರಯದಲ್ಲಿ, ಅವರ ಲೆಕ್ಕಪತ್ರದೊಳಗೆ, ಐದಾರು ಮಕ್ಕಳೊಂದಿಗೆ ನಡೆಸಿ ನೋಡಬಹುದು. ಆಮೇಲೆ ಐದು ಅಥವಾ ಏಳು ಜನರ ಆಡಳಿತ ಮಂಡಳಿ: ಸ್ಥಾಪಕರ ಮನೆಯಿಂದ ಒಬ್ಬರೇ, ಲೆಕ್ಕ ಬಲ್ಲವರೊಬ್ಬರು, ಆಂಕಾಲಜಿ (ಕ್ಯಾನ್ಸರ್ ವಿಭಾಗದ) ನರ್ಸ್ ಒಬ್ಬರು, ಮಗುವಿನ ಚಿಕಿತ್ಸೆ ಮುಗಿಸಿದ ಬೇರೆ ಮನೆಯ ತಂದೆಯೋ ತಾಯಿಯೋ ಒಬ್ಬರು. ಪ್ರತಿ ಪಾವತಿಗೂ ಎರಡು ಸಹಿ. ಗಂಡ ಹೆಂಡತಿ ಇಬ್ಬರ ಸಹಿಯನ್ನು ಎರಡೆಂದು ಎಣಿಸಕೂಡದು. ಮಗುವನ್ನು ಕಳೆದುಕೊಂಡ ಸ್ಥಾಪಕರಾದರೆ ಮೊದಲ ವರ್ಷ ಕುಟುಂಬಗಳ ಭೇಟಿಗೆ ಹೋಗದೆ ಹಣ, ಕಾಗದಪತ್ರದ ಕಡೆ ಇರುವುದು ಒಳ್ಳೆಯದು. ಚಿಕಿತ್ಸೆಯಲ್ಲಿರುವ ಮಗುವಿನ ತಾಯಿ ಎದುರಿಗಿರುವವರ ದುಃಖವನ್ನೂ ಹೊರುವಂತಾಗಬಾರದು.

ಹಣದ ಲೆಕ್ಕವನ್ನು ಚಿಕಿತ್ಸೆಯ ಅವಧಿಗೆ ಹಾಕಬೇಕು, ಹಣಕಾಸು ವರ್ಷಕ್ಕಲ್ಲ. ಒಂದು ಮಗುವಿಗೆ ತಿಂಗಳಿಗೆ 100 ಪಾಲು ಬೇಕೆಂದುಕೊಳ್ಳಿ (ಮಗು ಮತ್ತು ಜೊತೆಗೊಬ್ಬರ ಪ್ರಯಾಣ, ಊಟ, ಒಂದು ರಾತ್ರಿಯ ತಂಗುವಿಕೆ). ಹತ್ತು ಮಕ್ಕಳಿಗೆ 30 ತಿಂಗಳಿಗೆ 30,000 ಪಾಲು. ಕಚೇರಿ, ಫೋನು, ಆಡಿಟ್ ಎಂದು ಶೇ 15 ಸೇರಿಸಿದರೆ 34,500. ಮೊದಲ ವರ್ಷ ಪರಿಚಯದವರ ಮರುಕದಿಂದ ದುಡ್ಡು ಹರಿದು ಬರುತ್ತದೆ, ಎರಡನೆಯ ವರ್ಷ ಅದು ಇಳಿಯುತ್ತದೆ. ಬಂದದ್ದನ್ನು ನೋಡಿ 40 ಮಕ್ಕಳನ್ನು ಸೇರಿಸಿಕೊಂಡರೆ ಎಲ್ಲರನ್ನೂ ನಡುವೆ ಬಿಡಬೇಕಾಗುತ್ತದೆ. ಕನಿಷ್ಠ 12 ತಿಂಗಳ ಹಣ ಕೈಯಲ್ಲಿಲ್ಲದೆ ಹೊಸ ಮಗುವಿನ ಹೆಸರು ಬರೆದುಕೊಳ್ಳುವುದಿಲ್ಲ ಎಂಬ ನಿಯಮವನ್ನು ನಾವು ಬರಹದಲ್ಲೇ ಇಟ್ಟಿದ್ದೇವೆ.

ದಿನದ ಕೆಲಸವೆಲ್ಲ ನಿಂತಿರುವುದು ಒಂದು ರಿಜಿಸ್ಟರಿನ ಮೇಲೆ. ಮುಂದಿನ ತಾರೀಕು, ಮೂರು ಫೋನ್ ನಂಬರು (ಮನೆಯವರದು, ಅಜ್ಜ ಅಜ್ಜಿಯದು, ನೆರೆಯವರದು), ಯಾವ ಭಾಷೆಯಲ್ಲಿ ಮಾತನಾಡಬೇಕು ಎಂಬುದು. ಎರಡು ದಿನ ಮುಂಚೆ ಒಂದು ಕರೆ. ಬಾರದಿದ್ದರೆ ಅದೇ ಸಂಜೆ, ಮಾರನೆಯ ದಿನ ಮತ್ತೆ. ವಾರದೊಳಗೆ ಸುಳಿವಿಲ್ಲದಿದ್ದರೆ ಮನೆಗೇ ಹೋಗುವುದು. ಆದರೆ ಆಸ್ಪತ್ರೆಯ ಹೆಸರಿರುವ ಗಾಡಿಯಲ್ಲಿ ಅಲ್ಲ, ರೋಗದ ವಿಷಯ ಊರಿಗೆ ಗೊತ್ತಿಲ್ಲದಿರಬಹುದು. ಪ್ರಯಾಣದ ಹಣವನ್ನು ತಿಂಗಳಿಗೊಮ್ಮೆ ಒಟ್ಟಾಗಿ ಕೊಟ್ಟರೆ ಅದು ಮನೆಯ ಬೇರೆ ತುರ್ತಿಗೆ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ತಾರೀಕು ತಪ್ಪುತ್ತದೆ. ಬಂದಾಗ ಅಂದಿನ ಖರ್ಚು ಮತ್ತು ಮುಂದಿನ ಸಲ ಬರುವ ಒಂದು ಕಡೆಯ ಹಣ, ಎರಡನ್ನೂ ಕೈಗೆ ಕೊಡಬೇಕು. ಟಿಕೆಟ್ ತೋರಿಸಿ ಎನ್ನುವ ಬದಲು ದೂರಕ್ಕೆ ತಕ್ಕಂತೆ ಮೂರು ದರ ಗೊತ್ತುಮಾಡಿಟ್ಟರೆ ಜಗಳವೂ ಇಲ್ಲ, ಅವಮಾನವೂ ಇಲ್ಲ.

ಆಟಿಕೆ ಬೇಡ ಎನ್ನುವುದು ಕಷ್ಟ. ದಾನಿಗಳು ಹಳೆಯ ಟೆಡ್ಡಿ ಗೊಂಬೆಗಳನ್ನು ಮೂಟೆಗಟ್ಟಲೆ ತರುತ್ತಾರೆ. ಕೀಮೋದಿಂದ (ಕ್ಯಾನ್ಸರ್ ಔಷಧದಿಂದ) ಸೋಂಕು ತಡೆಯುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಇಳಿಯುತ್ತದೆ. ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿಳಿದ ಮಗುವಿಗೆ ಗೊಂಬೆಯ ಧೂಳು, ಶಿಲೀಂಧ್ರ ಅಪಾಯ. ಕೊಡುವುದಾದರೆ ಹೊಸದು, ಪ್ಯಾಕ್ ಒಡೆಯದ್ದು, ಒರೆಸಿ ತೊಳೆಯಬಹುದಾದದ್ದು. ನಾವು ಕುಟುಂಬಗಳಿಗೆ ಹಂಚುವ ಚೀಲದ ಅತಿ ಬೆಲೆಬಾಳುವ ವಸ್ತು ಡಿಜಿಟಲ್ ಥರ್ಮಾಮೀಟರ್. ಅದರ ಜೊತೆ ಚಿತ್ರವಿರುವ ಒಂದು ಕಾರ್ಡು: ಕಂಕುಳಲ್ಲಿಟ್ಟು ನೋಡಿ, ಗುದದಲ್ಲಿ ಬೇಡ; 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆ ಮಾಡಿ; ಕೇಳದೆ ಜ್ವರದ ಮಾತ್ರೆ ಕೊಡಬೇಡಿ. ಯಾವ ಅಂಕಿಗೆ ಕರೆ ಮಾಡಬೇಕೆಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬೇರೆಯಾಗುವುದರಿಂದ ಕಾರ್ಡನ್ನು ಅಲ್ಲಿನ ವೈದ್ಯರಿಂದಲೇ ತಿದ್ದಿಸಬೇಕು.

ಫೋಟೋ ವಿಷಯದಲ್ಲಿ ಬಿಗಿಯಾಗಿರಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನದ್ದು. ಮುಖ ಮಸುಕುಮಾಡಿ ಹೆಸರು, ಊರು, ಆಸ್ಪತ್ರೆ ಬರೆದರೆ ಮಸುಕು ಮಾಡಿ ಫಲವಿಲ್ಲ. ನೆರವು ಕೊಡುವ ದಿನ ಒಪ್ಪಿಗೆಯ ಸಹಿ ಕೇಳಬಾರದು, ಇಲ್ಲವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಸ್ವಯಂಸೇವಕರು ಯಾರೇ ಇರಲಿ, ಹಿನ್ನೆಲೆ ಪರಿಶೀಲನೆ ಆಗಲೇಬೇಕು, ಮಗುವಿನೊಂದಿಗೆ ಒಬ್ಬರೇ ಇರುವಂತಿಲ್ಲ.

ಮಗು ತೀರಿಕೊಂಡರೆ ಅದೇ ದಿನ ನೆನಪಿನ ಕರೆಗಳ ಪಟ್ಟಿಯಿಂದ ಮೂರೂ ನಂಬರು ತೆಗೆಯುವ ಹೊಣೆ ಒಬ್ಬರ ಹೆಸರಿನಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆ ಮಂಡಳಿಯ ಮುಂದೆ ಇಡಬೇಕಾದದ್ದು ತಪ್ಪಿದ ತಾರೀಕುಗಳು ಎಷ್ಟು, ಪ್ರತಿಯೊಂದಕ್ಕೂ ಕಾರಣ ಏನು ಎಂಬುದು. ಎಷ್ಟು ಚೀಲ ಹಂಚಿದೆವು ಎಂಬುದು ಆ ಸಭೆಗೆ ಬೇಕಿಲ್ಲ. ಕಾರಣಗಳಲ್ಲಿ ಪ್ರಯಾಣ ಕಡಿಮೆಯಾಗಿ ತಂಗುವ ಜಾಗ ಹೆಚ್ಚಾದರೆ ಮುಂದಿನ ತ್ರೈಮಾಸಿಕದ ಹಣ ಆ ಕಡೆಗೆ ಹೋಗುತ್ತದೆ.