ಗಲಭೆ ಆದಮೇಲೆ ನಮ್ಮ ಏರಿಯಾದಲ್ಲಿ ನಾವು ಮಾಡಿದ್ದು

ಬಲಪಂಥೀಯ ಉಗ್ರವಾದವನ್ನು ಪ್ರೀತಿಯಿಂದ ಎದುರಿಸೋದು ಹೇಗೆ ಅಂತ ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇದೆ. ನಿಮ್ಮೂರಲ್ಲಿ ಕಲ್ಲು ಹೊಡೆದವರು ಎಷ್ಟು ಜನ, ಪಕ್ಕದಲ್ಲಿ ನಿಂತು ತಲೆಯಾಡಿಸಿದವರು ಎಷ್ಟು ಜನ? ನಮ್ಮ ಕೆಲಸವೆಲ್ಲ ಈ ಎರಡನೆಯವರ ಜೊತೆ.

ನಾನು ಹಾಸನದ ಕಡೆಯವಳು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನರ್ಸ್, ಮನೆ ವಾಲ್ಟನ್‌ನಲ್ಲಿ. 2024ರ ಜುಲೈ 29ರಂದು ಹತ್ತಿರದ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಡಾನ್ಸ್ ಕ್ಲಾಸಿಗೆ ನುಗ್ಗಿದ ಹುಡುಗನೊಬ್ಬ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಚಾಕುವಿನಿಂದ ಕೊಂದ. ನೋಡನೋಡುತ್ತಿದ್ದಂತೆ ಎಲ್ಲರ ಫೋನಿನಲ್ಲೂ ಕೊಂದವನದು ಅಂತ ಒಂದು ಮುಸ್ಲಿಂ ಹೆಸರು ಓಡಾಡಿತು. ದೋಣಿಯಲ್ಲಿ ಬಂದ ವಲಸಿಗನಂತೆ. ಶುದ್ಧ ಸುಳ್ಳು. ಆ ಹುಡುಗ ಹುಟ್ಟಿದ್ದೇ ಕಾರ್ಡಿಫ್‌ನಲ್ಲಿ. ಆದರೂ ಮರುದಿನ ಸೌತ್‌ಪೋರ್ಟ್‌ನ ಮಸೀದಿಯ ಮೇಲೆ ಇಟ್ಟಿಗೆ ತೂರಿದರು. ಆಗಸ್ಟ್ 3ರ ರಾತ್ರಿ ನಮ್ಮ ಸ್ಪೆಲೊ ಲೇನ್ ಲೈಬ್ರರಿಗೆ ಬೆಂಕಿ ಇಟ್ಟರು. ಸಂಡರ್‌ಲೆಂಡ್‌ನಲ್ಲಿ ಡ್ಯೂಟಿಗೆ ಹೊರಟಿದ್ದ ಫಿಲಿಪ್ಪೀನ್ಸ್ ನರ್ಸ್‌ಗಳ ಮೇಲೂ ಕಲ್ಲು ಬಿತ್ತು. ಅಮ್ಮ ಫೋನ್ ಮಾಡಿ, "ಸಾಕು ಕಣೇ, ಬಂದ್ಬಿಡು" ಅಂದರು.

ನನ್ನನ್ನು ತಡೆದದ್ದು ಅದೇ ವಾರ ನಡೆದ ಬೇರೆ ಸಂಗತಿಗಳು. ಸೌತ್‌ಪೋರ್ಟ್‌ನಲ್ಲಿ ಬೆಳಗಾಗುತ್ತಲೇ ಜನ ಪೊರಕೆ ಹಿಡಿದು ಬಂದಿದ್ದರು. ಗಾರೆ ಕೆಲಸದವರು ಪುಕ್ಕಟೆಯಾಗಿ ಮಸೀದಿಯ ಗೋಡೆ ಕಟ್ಟಿಕೊಟ್ಟರು. ಲಿವರ್‌ಪೂಲ್‌ನ ಅಬ್ದುಲ್ಲಾ ಕ್ವಿಲಿಯಂ ಮಸೀದಿಯ ಎದುರು ಜನ ಕೂಗಾಡಲು ಸೇರಿದ್ದಾಗ, ಇಮಾಮ್ ಆಡಂ ಕೆಲ್ವಿಕ್ ಮತ್ತು ಜೊತೆಯವರು ಬರ್ಗರ್, ಚಿಪ್ಸ್ ಹಿಡಿದು ಅವರ ಹತ್ತಿರವೇ ಹೋದರು. ಕೆಲವರು ತಿಂದರು, ಮಾತಾಡಿದರು, ಅಪ್ಪಿಕೊಂಡರು ಕೂಡ.

ನಾವು ಹೊರಟಿದ್ದು ಅದೇ ದಾರಿಯಲ್ಲಿ. ನಾನು, ನನ್ನ ಮಲಯಾಳಿ ಸಹೋದ್ಯೋಗಿ, ಪಕ್ಕದ ಮನೆಯ ಸೊಮಾಲಿ ಹೆಂಗಸು, ಜೊತೆಗೆ ಚರ್ಚ್‌ನ ಇಬ್ಬರು ಅಜ್ಜಿಯರು. ಶನಿವಾರ ಮಧ್ಯಾಹ್ನ ಚರ್ಚ್ ಹಾಲ್‌ನಲ್ಲಿ ಟೀ ಮತ್ತು ಈರುಳ್ಳಿ ಪಕೋಡ. ಪಕೋಡ ಇಲ್ಲಿನವರಿಗೆ ಹೊಸದೇನಲ್ಲ, ಇಂಡಿಯನ್ ಹೋಟೆಲುಗಳಲ್ಲೆಲ್ಲ ಸಿಗುತ್ತದೆ. ಖಾರ ಮಾತ್ರ ಕಡಿಮೆ ಹಾಕಬೇಕು. ಬೋರ್ಡು, ಘೋಷಣೆ, ಭಾಷಣ ಯಾವುದೂ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. "ಸೌಹಾರ್ದ ಸಭೆ" ಅಂತ ಹೆಸರಿಟ್ಟರೆ ಮೊದಲೇ ಸೌಹಾರ್ದದಿಂದ ಇರುವವರು ಮಾತ್ರ ಬರುತ್ತಾರೆ, ಅಲ್ವಾ?

ಒಬ್ಬರ ವಿಷಯ ಹೇಳುತ್ತೇನೆ. ಅರವತ್ತರ ಆಸುಪಾಸು, ಬಸ್ ಮೆಕ್ಯಾನಿಕ್ ಆಗಿದ್ದವರು. ಬಂದವರೇ ಬಾಗಿಲಲ್ಲೇ ಶುರು ಮಾಡಿದರು. "ನನ್ನ ಮಗಳು ಕೌನ್ಸಿಲ್ (ನಗರಸಭೆಯ ಬಾಡಿಗೆ) ಮನೆಗೆ ಕಾದು ಕಾದು ಸಾಕಾಗಿದೆ. ದೋಣೀಲಿ ಬಂದೋರಿಗೆ ಹೋಟೆಲ್ ರೂಮು!" ಆಶ್ರಯ ಕೇಳಿ ಬಂದವರನ್ನು ಸರ್ಕಾರ ಹೋಟೆಲುಗಳಲ್ಲಿ ಇರಿಸಿದ್ದರ ಮೇಲಿನ ಸಿಟ್ಟು ಅದು. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಹೇಳಲಿಲ್ಲ. "ಮಗಳಿಗೆ ಮಕ್ಕಳೆಷ್ಟು?" ಅಂದೆ. ಇಬ್ಬರು. ಮಲಗುವ ಕೋಣೆ ಒಂದೇ, ಗೋಡೆ ತುಂಬ ಬೂಷ್ಟು, ಚಿಕ್ಕವನಿಗೆ ಉಬ್ಬಸ. ಉಬ್ಬಸ ಅಂದಮೇಲೆ ಅದು ನನ್ನ ಕೆಲಸದ ಮಾತು. ಇನ್‌ಹೇಲರ್ ಹೇಗೆ ಕೊಡ್ತಾರೆ ಅಂತ ಕೇಳಿದೆ. ನೇರ ಬಾಯಿಗಂತೆ. ಚಿಕ್ಕ ಮಕ್ಕಳಿಗೆ ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ ಕೊಡದಿದ್ದರೆ ಔಷಧಿಯ ಬಹುಪಾಲು ಬಾಯಲ್ಲೇ ಉಳಿಯುತ್ತದೆ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಬೂಷ್ಟಿನ ಬಗ್ಗೆ ಮನೆ ಮಾಲೀಕರಿಗೂ ಕೌನ್ಸಿಲ್‌ಗೂ ಅಜ್ಜಿಯರಲ್ಲೊಬ್ಬರು ದೂರು ಬರೆದುಕೊಟ್ಟರು. ಹೊರಡುವಾಗ, "ಆ ಮೇಜಿನ ಕಾಲು ಅಲುಗಾಡ್ತಿದೆ, ಸ್ವಲ್ಪ ನೋಡ್ತೀರಾ?" ಅಂದೆ. ಮುಂದಿನ ವಾರ ಸ್ಪ್ಯಾನರ್ ಹಿಡಿದು ಬಂದರು.

ಈ ಮೇಜಿನ ಮಾತು ಸುಮ್ನೆ ಬಂದದ್ದಲ್ಲ. ಬಂದವರಿಗೆಲ್ಲ ಏನಾದರೊಂದು ಕೆಲಸ ಹಚ್ಚುತ್ತೇವೆ. ಬರೀ ತಿಂದು ಹೋದವರು ಮತ್ತೆ ಬರೋದು ಕಡಿಮೆ. ಉಗ್ರವಾದಿ ಗುಂಪುಗಳು ದ್ವೇಷದ ಜೊತೆಗೆ ಒಂದು ಕೆಲಸ, ಒಂದು ಸ್ಥಾನ, "ನೀನಿಲ್ಲದೆ ಆಗಲ್ಲ" ಅನ್ನುವ ಮಾತನ್ನೂ ಕೊಡುತ್ತವೆ. ಅದನ್ನು ನಾವೂ ಕೊಡದಿದ್ದರೆ ಬರೀ ಪಕೋಡದಿಂದ ಏನೂ ಆಗಲ್ಲ.

ಸುಮಾರು ದಿನಗಳ ಮೇಲೆ ಆ ಮೆಕ್ಯಾನಿಕ್ಕೇ ಫೋನ್ ತೋರಿಸಿ, "ಇದು ನಿಜಾನಾ, ಲವ್?" ಅಂತ ಕೇಳಿದರು. (ಇಲ್ಲಿ "ಲವ್" ಅಂದರೆ ನಮ್ಮಲ್ಲಿ "ಅಮ್ಮಾ" ಅಂದ ಹಾಗೆ.) ಹೋಟೆಲೊಂದರ ಮುಂದೆ ವಲಸಿಗರು ದಾಂಧಲೆ ಮಾಡಿದ ಫೋಟೊ. ಇಬ್ಬರೂ ಕೂತು ಹುಡುಕಿದೆವು, ಯಾವುದೋ ಬೇರೆ ದೇಶದ ಹಳೇ ಫೋಟೊ. ಅವರಾಗಿಯೇ ಕೇಳುವ ಮೊದಲು ನಾನು ಅದನ್ನೇ ತೋರಿಸಿದ್ದರೆ ಎದ್ದು ಹೋಗುತ್ತಿದ್ದರು. ವಲಸೆ ಜಾಸ್ತಿಯಾಯಿತು ಅನ್ನುವ ಅಭಿಪ್ರಾಯ ಅವರಿಗೆ ಈಗಲೂ ಇದೆ. ಇರಲಿ ಬಿಡಿ. ಅಭಿಪ್ರಾಯಕ್ಕೂ ಕಲ್ಲಿಗೂ ವ್ಯತ್ಯಾಸವಿದೆ.

ಕಲ್ಲು ಹೊಡೆದವರಿಗೆ ಜೈಲಾಯಿತು. ಅದು ಸರಿಯೇ. ಕೋರ್ಟು ಮಾಡುವ ಕೆಲಸವನ್ನು ಕರುಣೆ ಮಾಡಲಾರದು. ಹಾಗೆಯೇ, ಬೆದರಿಕೆ ಹಾಕಿದವನನ್ನು ಕರೆದು ಕೂರಿಸಿ ಮಾತಾಡಿಸುವ ಹೊಣೆಯನ್ನು ಬೆದರಿಕೆಗೆ ಒಳಗಾದವರ ತಲೆಗೆ ಕಟ್ಟಬಾರದು. ಸೊಮಾಲಿ ಗೆಳತಿ ಕೆಲವು ಶನಿವಾರ ಬರಲ್ಲ ಅನ್ನುತ್ತಾಳೆ. ನಾವು ಯಾಕೆ ಅಂತ ಕೇಳಲ್ಲ.

ಸುಟ್ಟ ಲೈಬ್ರರಿಗಾಗಿ ಒಬ್ಬ ಸ್ಥಳೀಯ ಮಹಿಳೆ 500 ಪೌಂಡ್ ಗುರಿಯಿಟ್ಟು ಚಂದಾ ಎತ್ತಲು ಶುರು ಮಾಡಿದ್ದು 2 ಲಕ್ಷ ಪೌಂಡ್ ದಾಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಲೈಬ್ರರಿ ಮತ್ತೆ ಬಾಗಿಲು ತೆರೆಯಿತು.

ನಮಗೆ ಇನ್ನೂ ಸಿಗದವರು ಹದಿಹರೆಯದ ಹುಡುಗರು. ಅವರಿಗೆ ಚರ್ಚ್ ಹಾಲ್ ಅಂದರೆ ಅಜ್ಜಿಯರ ಜಾಗ. ಹಿಂದಿನ ಅಂಗಳದಲ್ಲಿ ಸೈಕಲ್ ರಿಪೇರಿ ಶುರು ಮಾಡೋಣ ಅಂತ ಆ ಮೆಕ್ಯಾನಿಕ್ಕೇ ಹೇಳಿದ್ದಾರೆ. ಹಳೇ ಸೈಕಲ್ ಯಾರ ಮನೆಯಲ್ಲಿದೆ ಅಂತ ಈಗ ಹುಡುಕುತ್ತಿದ್ದೇವೆ.